ಬೋಂಡಾಕ್ಕೆ ಹೆದರುವ ಲೈನ್‌ಮನ್

ನಮ್ಮ ಭಾವನಿಗೆ ಹನ್ನೊಂದು ಸಾವಿರ ವೋಲ್ಟ್ ಕಂಡರೆ ಭಯವಿಲ್ಲ. ಬೋಂಡಾ ಕಂಡರೆ ಭಯ! ನಗಬೇಡಿ, ನಿಜ ಹೇಳುತ್ತಿದ್ದೇನೆ. ಬೋಂಡಾದ ಒಳಗಿನ ಬಿಸಿ ಹೊರಗೆ ಗೊತ್ತಾಗುವುದಿಲ್ಲ, ಮಗಳು ಕಚ್ಚಿದರೆ ನಾಲಿಗೆ ಸುಡುತ್ತದೆ, ಆ ಉರಿಗೆ ಬಾಯಿ ತೆರೆದು ಜೋರಾಗಿ ಉಸಿರೆಳೆದುಕೊಳ್ಳುತ್ತಾಳೆ, ಎಳೆದುಕೊಂಡಾಗ ಒಳಗಿರುವ ಮೆಣಸಿನಕಾಯಿ ಚೂರು ಹೋಗಿ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ, ಆ ಹೊತ್ತಿಗೆ ಮುಳಬಾಗಿಲಿನಲ್ಲಿ ಗಂಟಲಿನ ಡಾಕ್ಟರ್ ಇರುವುದಿಲ್ಲ, ಕೋಲಾರಕ್ಕೆ ಹೊರಟರೆ ಹೈವೇಯಲ್ಲಿ ಲಾರಿ ಅಡ್ಡ ನಿಂತಿರುತ್ತದೆ... ಬೋಂಡಾ ತಟ್ಟೆಯಿಂದ ಬಾಯಿಗೆ ಹೋಗುವಷ್ಟರಲ್ಲಿ ಭಾವ ಇಷ್ಟನ್ನೂ ಯೋಚಿಸಿ ಮುಗಿಸಿರುತ್ತಾರೆ. ಆದ್ದರಿಂದ ಅವರ ಮನೆಯಲ್ಲಿ ಬೋಂಡಾವನ್ನು ನಾಲ್ಕು ತುಂಡು ಮಾಡಿ, ಫ್ಯಾನಿನ ಕೆಳಗೆ ಆರಲು ಇಟ್ಟು, ಮೆಣಸಿನಕಾಯಿ ಹುಡುಕಿ ತೆಗೆದು, ಆಮೇಲೆ ತಿನ್ನುವುದು. ಅಷ್ಟು ಹೊತ್ತಿಗೆ ಅದು ಬೋಂಡಾ ಆಗಿ ಉಳಿದಿರುತ್ತದೆಯೇ? ನಿನ್ನೆಯ ಉಪ್ಪಿಟ್ಟಿನಂತೆ ಇರುತ್ತದೆ.

ಭಾವ ಎಂದರೆ ನನ್ನ ಅಕ್ಕನ ಗಂಡ. ಬೈರಕೂರು ಕಡೆ ಲೈನ್‌ಮನ್. ಕಂಬ ಹತ್ತುವುದರಲ್ಲಿ ಅವರಿಗೆ ಸಮಾನರಿಲ್ಲ ಎಂದು ಆ ಹೋಬಳಿಯವರೆಲ್ಲ ಒಪ್ಪುತ್ತಾರೆ. ಒಮ್ಮೆ ಮಾವಿನ ತೋಪಿನ ಪಕ್ಕದ ಕಂಬದ ಮೇಲೆ ಹೆಜ್ಜೇನು ಕಟ್ಟಿತ್ತು. ಕೆಳಗೆ ನಿಂತ ಹತ್ತು ಜನ ಹತ್ತು ದಿಕ್ಕಿಗೆ ಓಡಿದರು. ಭಾವ ಮಾತ್ರ ತಲೆಗೆ ಗೋಣಿಚೀಲ ಸುತ್ತಿಕೊಂಡು ಹತ್ತಿ, ತಂತಿ ಸರಿಮಾಡಿ, ಎಂಟು ಕಡೆ ಕಚ್ಚಿಸಿಕೊಂಡು, ಊದಿದ ಮುಖದಲ್ಲೇ ಇಳಿದು ಬಂದು, "ಕಾಫಿ ಇದೆಯಾ?" ಎಂದು ಕೇಳಿದರಂತೆ. ಅದೇ ಮನುಷ್ಯ ಸಂಜೆ ಮನೆಗೆ ಬಂದು, ಮಗಳು ಒಂದು ಸಲ ಕೆಮ್ಮಿದ್ದಕ್ಕೆ ಅದೇ ಊದಿದ ಮುಖದಲ್ಲಿ ಆಟೋ ಹುಡುಕಲು ಹೋದರು! ಆಸ್ಪತ್ರೆಯಲ್ಲಿ ಡಾಕ್ಟರು ಇಬ್ಬರನ್ನೂ ನೋಡಿ, ಯಾವ ಅನುಮಾನವೂ ಇಲ್ಲದೆ ಭಾವನನ್ನೇ ಹಿಡಿದು ಮಂಚದ ಮೇಲೆ ಮಲಗಿಸಿದರು.

ಮಗಳ ಹೆಸರು ಸಿಂಧು. ಒಬ್ಬಳೇ ಮಗಳು. ಅವಳು ಹುಟ್ಟಿದ ಹೊಸದರಲ್ಲಿ ಭಾವನಿಗೆ ಒಂದು ಅಭ್ಯಾಸವಿತ್ತು. ತೊಟ್ಟಿಲಲ್ಲಿ ಮಗು ನಿದ್ದೆ ಮಾಡುತ್ತಿದ್ದರೆ ಮೂಗಿನ ಹತ್ತಿರ ಬೆರಳಿಟ್ಟು ಉಸಿರಾಡುತ್ತಿದೆಯೇ ಎಂದು ನೋಡುವುದು. ಬೆರಳು ಒರಟು, ಉಸಿರು ಸಣ್ಣದು, ಗೊತ್ತಾಗುತ್ತಿರಲಿಲ್ಲ. ಆಗ ಮೆಲ್ಲಗೆ ಕೆನ್ನೆ ತಟ್ಟುವುದು. ಮಗು ಎದ್ದು ಊರು ಎಬ್ಬಿಸುವಂತೆ ಅಳುತ್ತಿತ್ತು. ಭಾವನಿಗೆ ಸಮಾಧಾನ! ಒಂದು ನಿಮಿಷ ಮಾತ್ರ. ಮರುನಿಮಿಷವೇ ಅಡುಗೆಮನೆಯ ಬಾಗಿಲಿಗೆ ಬಂದು ನಿಲ್ಲುವರು.

"ಏನೇ, ಪಾಪು ಯಾಕೆ ಇಷ್ಟು ಅಳ್ತೈತೆ? ಹೊಟ್ಟೆನೋವಾ?"

"ನಿದ್ದೆ ಮಾಡ್ತಿತ್ತು ಕಣ್ರೀ. ನೀವು ಎಬ್ಬಿಸಿದ್ರಿ, ಅದಕ್ಕೆ," ಎನ್ನುವಳು ಅಕ್ಕ.

ಕಿವಿ ಚುಚ್ಚಿಸುವ ದಿನದ ಕಥೆಯನ್ನು ನಮ್ಮ ಮನೆಯಲ್ಲಿ ಈಗಲೂ ಹೇಳಿಕೊಂಡು ನಗುತ್ತೇವೆ. ಆಚಾರಿ ಮನೆಗೇ ಬಂದಿದ್ದ. ತಂತಿ, ಸೂಜಿ, ಅರಿಶಿನ ಎಲ್ಲ ಸಿದ್ಧ. ಮಗು ನನ್ನ ತೊಡೆಯ ಮೇಲೆ. ಭಾವ ನಡುವೆ ಬಂದು ಕುಕ್ಕರುಗಾಲಲ್ಲಿ ಕೂತರು. "ಆಚಾರ್ರೇ, ಎಷ್ಟು ನೋವಾಗುತ್ತೆ?" "ಇರುವೆ ಕಚ್ಚಿದಷ್ಟು ಸ್ವಾಮಿ." "ಯಾವ ಇರುವೆ? ಕೆಂಪಿರುವೆನಾ, ಕರಿ ಇರುವೆನಾ?" ಆಚಾರಿ ತಬ್ಬಿಬ್ಬಾದ. ಭಾವ ತಮ್ಮ ಎಡಗಿವಿಯನ್ನು ಮುಂದೆ ಚಾಚಿ, "ಮೊದ್ಲು ನಂಗೆ ಚುಚ್ಚಿ, ನೋಡ್ತೀನಿ," ಎಂದುಬಿಟ್ಟರು! ಚುಚ್ಚಿದ. ಭಾವ ಕಣ್ಣು ಮುಚ್ಚಿಕೊಂಡು, ಆ ನೋವನ್ನು ಎಡಕ್ಕೂ ಬಲಕ್ಕೂ ತೂಗಿ ನೋಡಿ, "ಹೂಂ, ಪರ್ವಾಗಿಲ್ಲ," ಎಂದು ಅಪ್ಪಣೆ ಕೊಟ್ಟರು. "ಸ್ವಾಮಿ, ಇನ್ನೊಂದು ಕಿವಿ?" ಎಂದು ಆಚಾರಿ ಕೇಳಿದಾಗ, "ಬೇಡ, ಗೊತ್ತಾಯ್ತಲ್ಲ," ಎಂದರು. ಇವತ್ತಿಗೂ ಭಾವನ ಎಡಗಿವಿಯಲ್ಲಿ ಒಂದು ಸಣ್ಣ ತೂತಿದೆ. ಹರಕೆಯೇ ಎಂದು ಕೇಳಿದವರಿಗೆ ಅವರು ಉತ್ತರ ಕೊಡುವುದಿಲ್ಲ.

ನಮ್ಮ ಅಪ್ಪನ ಊರು ಶ್ರೀನಿವಾಸಪುರದ ಪಕ್ಕ. ಮಾವಿನ ತೋಟವಿದೆ. ರಜಕ್ಕೆ ಅಕ್ಕ ಮಗಳನ್ನು ಕರೆದುಕೊಂಡು ಹೋದರೆ ಎರಡನೆಯ ದಿನವೇ ಭಾವ ಹಾಜರು. ಒಂದು ಸಲ ನಾನು ತೋಟಕ್ಕೆ ಹೋಗಿ ನೋಡುತ್ತೇನೆ: ಆರು ವರ್ಷದ ಸಿಂಧು ಮರದ ಕೆಳಗೆ ಅಡುಗೆ ಆಟ ಆಡುತ್ತಿದ್ದಾಳೆ, ತಲೆಯ ಮೇಲೆ ಭಾವನ ಡ್ಯೂಟಿಯ ಹಳದಿ ಹೆಲ್ಮೆಟ್! ಅದು ಅವಳ ಭುಜದವರೆಗೂ ಇಳಿದುಬಿಟ್ಟಿದೆ. ನಮ್ಮಪ್ಪ ಅದನ್ನು ನೋಡಿ, "ಅಳಿಯಂದ್ರೇ, ಅದು ಮಾವಿನಕಾಯಿ. ಗುಂಡುಕಲ್ಲಲ್ಲ," ಎಂದರು. ಭಾವ ಮೇಲೆ ನೋಡುತ್ತಾ, "ಎಷ್ಟು ಎತ್ತರದಿಂದ ಬೀಳುತ್ತೆ ಅನ್ನೋದ್ರ ಮೇಲೆ ಹೋಗುತ್ತೆ ಮಾವ," ಎಂದರು. ಅಳಿಯ ಹೇಳಿದ ಮೇಲೆ ಮಾತಿಲ್ಲವಲ್ಲ. ನಮ್ಮಪ್ಪ ತಮ್ಮ ಕುರ್ಚಿಯನ್ನೂ ಸ್ವಲ್ಪ ಆಚೆಗೆ ಎಳೆದುಕೊಂಡರು.

ಭಾವನ ಭಯದಲ್ಲಿ ಎರಡು ಮಟ್ಟಗಳಿವೆ ಎನ್ನುವುದನ್ನು ಇಲ್ಲಿ ಹೇಳಬೇಕು. ಅವರ ತಾಯಿಯ ಕಡೆಯವರು ನಂಗಲಿಯವರು, ಮನೆಯಲ್ಲಿ ತೆಲುಗು. ಸಾಧಾರಣ ಭಯವನ್ನು ಭಾವ ಕನ್ನಡದಲ್ಲೇ ಪಡುತ್ತಾರೆ: "ಬೇಡ ಪಾಪಾ, ಬೇಡ." ಭಯ ಜಾಸ್ತಿಯಾದರೆ ತೆಲುಗಿಗೆ ಹೋಗಿಬಿಡುತ್ತಾರೆ: "ವದ್ದಮ್ಮಾ, ವದ್ದು! ದೇವುಡಾ!" ಅಕ್ಕ ಅಡುಗೆಮನೆಯಲ್ಲಿದ್ದುಕೊಂಡೇ ಭಾಷೆ ಕೇಳಿ ಲೆಕ್ಕ ಹಾಕುತ್ತಿದ್ದಳು. ಕನ್ನಡವಾದರೆ ಒಗ್ಗರಣೆ ಮುಂದುವರಿಸುವುದು, ತೆಲುಗಾದರೆ ಒಲೆ ಆರಿಸಿ ಬರುವುದು.

ಇನ್ನು ಮನೆಯ ನಿಯಮ. ಲೈನ್‌ಮನ್‌ಗಳು ಕಂಬ ಹತ್ತುವ ಮುಂಚೆ ವಿದ್ಯುತ್ ಸ್ಟೇಷನ್ನಿಗೆ ಹೇಳಿ ಕರೆಂಟು ನಿಲ್ಲಿಸಿಕೊಂಡು, ನಿಂತಿದೆ ಎಂದು ಖಾತ್ರಿ ಪಡೆಯಬೇಕು. ಅದಕ್ಕೆ ಎಲ್.ಸಿ. ಎನ್ನುತ್ತಾರೆ, ಲೈನ್ ಕ್ಲಿಯರ್. ಭಾವ ಇದನ್ನು ಸಂಸಾರಕ್ಕೂ ತಂದರು. ಸಿಂಧು ಎದುರು ಮನೆಗೆ ಹೋಗಬೇಕಾದರೂ ಭಾವನಿಗೆ ತಿಳಿಸಿ ಹೋಗಬೇಕು, ಹೋದ ಮೇಲೆ ತಲುಪಿದೆ ಎಂದು ಹೇಳಬೇಕು. ಎದುರು ಮನೆಗೆ ಎಂಟು ಹೆಜ್ಜೆ! "ಅಪ್ಪಾ, ಸ್ನಾನಕ್ಕೆ ಎಲ್.ಸಿ. ಕೊಡು," ಎಂದು ಅವಳು ಕೂಗಿದರೆ, ಭಾವ ಗೀಸರಿನ ಸ್ವಿಚ್ಚು ಆರಿಸಿ, ಟೆಸ್ಟರ್ ಹಿಡಿದು ನಲ್ಲಿಯನ್ನೂ ಬಕೆಟ್ಟಿನ ನೀರನ್ನೂ ಮುಟ್ಟಿ ನೋಡಿ, "ಹೋಗು," ಎನ್ನುವರು. ನಾವೆಲ್ಲ ಹೊಟ್ಟೆ ಹಿಡಿದು ನಗುತ್ತಿದ್ದೆವು. ಸಿಂಧುವೂ ನಗುತ್ತಿದ್ದಳು. ಅವಳ ಸ್ಕೂಲ್ ವ್ಯಾನಿನ ಡ್ರೈವರ್ ಮಾತ್ರ ನಗುತ್ತಿರಲಿಲ್ಲ. ಬೆಳಿಗ್ಗೆ ಮೂರು, ಸಂಜೆ ನಾಲ್ಕು ಫೋನು. ಅವನು ಭಾವನ ನಂಬರನ್ನು ತನ್ನ ಮೊಬೈಲಿನಲ್ಲಿ 'ಶಾಕ್' ಎಂದು ಬರೆದಿಟ್ಟುಕೊಂಡಿದ್ದ.

ಹೈಸ್ಕೂಲಿಗೆ ಅವಳು ನನ್ನ ಶಾಲೆಗೇ ಬಂದಳು. ನಾನು ಮುಳಬಾಗಿಲಿನಲ್ಲಿ ಕನ್ನಡ ಮೇಷ್ಟ್ರು. ಭಾವನ ಮನೆಯಿಂದ ಮೂರನೆಯ ಮನೆ ನನ್ನದು. ಎಂಟನೆಯ ತರಗತಿಯವರನ್ನು ಮಾಲೂರು ಕಡೆಯ ಶಿವಾರಪಟ್ಟಣಕ್ಕೆ, ಕಲ್ಲಿನ ವಿಗ್ರಹ ಕೆತ್ತುವುದನ್ನು ತೋರಿಸಲು ಕರೆದುಕೊಂಡು ಹೋಗುವುದೆಂದು ತೀರ್ಮಾನವಾಯಿತು. ಭಾವ ಮೂರು ದಿನ ಒಪ್ಪಲಿಲ್ಲ. ಕಲ್ಲಿನ ಚೂರು ಕಣ್ಣಿಗೆ ಸಿಡಿದರೆ? ನಾಲ್ಕನೆಯ ದಿನ ಒಪ್ಪಿದರು. ಹೊರಡುವ ಬೆಳಿಗ್ಗೆ ಬಸ್ಸಿನ ಹತ್ತಿರ ಬಂದು ಮಗಳ ಕೈಗೆ ಒಂದು ಪೊಟ್ಟಣ ಕೊಟ್ಟರು. ಬಿಚ್ಚಿ ನೋಡಿದರೆ ವೆಲ್ಡಿಂಗ್ ಮಾಡುವವರ ಕನ್ನಡಕ!

ಸಿಂಧು ಅದನ್ನು ಹಾಕಿಕೊಂಡೇ ಶಿವಾರಪಟ್ಟಣದಲ್ಲಿ ಇಳಿದಳು. ಅಲ್ಲಿ ಒಬ್ಬ ವಯಸ್ಸಾದ ಶಿಲ್ಪಿ ಆಳೆತ್ತರದ ಆಂಜನೇಯನ ಕೆಲಸ ಮಾಡುತ್ತಿದ್ದರು. ಉಳಿ ಕೆಳಗಿಟ್ಟು, "ಯಾರ್ ಸಾರ್ ಈ ಇಂಜಿನಿಯರಮ್ಮ?" ಎಂದು ನನ್ನನ್ನು ಕೇಳಿದರು. ಉಳಿದ ಹುಡುಗಿಯರೆಲ್ಲ ಆ ಕನ್ನಡಕಕ್ಕೆ ಮುಗಿಬಿದ್ದು, ಸರದಿಯ ಮೇಲೆ ಹಾಕಿಕೊಂಡು ಫೋಟೋ ತೆಗೆಸಿಕೊಂಡರು. ಆ ಪ್ರವಾಸದ ಫೋಟೋಗಳಲ್ಲಿ ಯಾರು ಯಾರೆಂದು ಇವತ್ತಿಗೂ ಯಾರಿಗೂ ಗೊತ್ತಿಲ್ಲ.

ನಾನೂ ನಗುತ್ತಿದ್ದೆ. ಆಗ ಸಿಂಧು ಶಿಲ್ಪಿಯನ್ನು ಒಂದು ಪ್ರಶ್ನೆ ಕೇಳಿದಳು. ಬೇರೆ ಮಕ್ಕಳೆಲ್ಲ ಬಾಲ ಹೇಗೆ ಕೆತ್ತುತ್ತೀರಿ, ಕಣ್ಣು ಯಾವಾಗ ಬಿಡಿಸುತ್ತೀರಿ ಎಂದು ಕೇಳುತ್ತಿದ್ದರೆ, ಇವಳು ಹತ್ತು ಅಡಿ ದೂರ ನಿಂತು, "ತಾತಾ, ಇದು ಬಿದ್ರೆ ಯಾವ ಕಡೆ ಬೀಳುತ್ತೆ?" ಎಂದಳು.

ಶಿಲ್ಪಿ, "ಬೀಳಲ್ಲಮ್ಮ," ಎಂದರು. "ಬಿದ್ರೆ?" ಎಂದಳು. ಆ 'ಬಿದ್ರೆ' ಎಂಬ ಮಾತು, ಅದರ ಎಳೆತ, ಕೊನೆಗೆ ಹುಬ್ಬು ಎತ್ತುವುದು, ಎಲ್ಲವೂ ಭಾವನದೇ! ಸುತ್ತ ಇದ್ದವರೆಲ್ಲ ನಕ್ಕರು. ನಾನು ಅರ್ಧ ನಕ್ಕು ನಿಲ್ಲಿಸಿದೆ. ಏಕೆಂದರೆ ಅವಳು ತಮಾಷೆಗೆ ಕೇಳಿರಲಿಲ್ಲ. ಆ ದೊಡ್ಡ ಕನ್ನಡಕದ ಕೆಳಗೆ ಅವಳ ತುಟಿ ಒಣಗಿತ್ತು. ವಾಪಸು ಬಸ್ಸು ಹತ್ತುವವರೆಗೂ ಅವಳು ಯಾವ ವಿಗ್ರಹದ ಹತ್ತಿರಕ್ಕೂ ಹೋಗಲಿಲ್ಲ.

ಅಂದಿನಿಂದ ನಾನು ಗಮನಿಸತೊಡಗಿದೆ. ತರಗತಿಯಲ್ಲಿ ಅವಳು ಯಾವಾಗಲೂ ಬಾಗಿಲ ಪಕ್ಕದ ಬೆಂಚಿನಲ್ಲೇ ಕೂರುವಳು. ಪರೀಕ್ಷೆಗೆ ಆರು ಪೆನ್ನು ತರುವಳು. ಹತ್ತು ಬೆರಳಿನಲ್ಲಿ ಒಂದಕ್ಕೂ ಉಗುರಿಲ್ಲ, ಕಚ್ಚಿ ಕಚ್ಚಿ ಮುಗಿಸಿದ್ದಾಳೆ. ಸೋಮವಾರ ಬೆಳಿಗ್ಗೆ ಹೊಟ್ಟೆನೋವು. ಅದನ್ನು ನನಗೆ ಹೇಳುವಳು, ಅಕ್ಕನಿಗೆ ಹೇಳುವಳು, ಭಾವನಿಗೆ ಮಾತ್ರ ಹೇಳಳು. "ಅಪ್ಪಂಗೆ ಹೇಳ್ಬೇಡಿ ಮಾವ." ಮಂಡಿ ತರಚಿದರೆ, "ಅಪ್ಪಂಗೆ ಹೇಳ್ಬೇಡಿ ಮಾವ." ಗಣಿತದಲ್ಲಿ ಕಮ್ಮಿ ಬಂದರೆ ಅದೇ ಮಾತು. ಜೇನು ಕಚ್ಚಿದರೂ ಅದೇ ಮಾತು. ನನಗೆ ಒಳಗೊಳಗೇ ಹೆಮ್ಮೆ! ಸೊಸೆ ಎಲ್ಲವನ್ನೂ ನನ್ನ ಹತ್ತಿರ ಹೇಳುತ್ತಾಳಲ್ಲ ಎಂದು. ಅಕ್ಕನೂ ಇದರಲ್ಲಿ ಪಾಲುದಾರಳು. ಮಗಳಿಗೆ ಜ್ವರ ಬಂದರೆ, "ಓದಿ ಸುಸ್ತಾಗಿ ಮಲಗವ್ಳೆ," ಎಂದುಬಿಡುತ್ತಿದ್ದಳು. ಹೀಗೆ, ಭಾವ ಊರಲ್ಲಿರುವ ಅಪಾಯಗಳನ್ನೆಲ್ಲ ಕಾಯುತ್ತಾ ಬಾಗಿಲಲ್ಲಿ ಕೂತಿರುತ್ತಿದ್ದರು. ಮನೆಯೊಳಗೆ ಏನು ನಡೆಯುತ್ತಿದೆ ಎನ್ನುವುದು ಅವರೊಬ್ಬರನ್ನು ಬಿಟ್ಟು ಎಲ್ಲರಿಗೂ ಗೊತ್ತಿರುತ್ತಿತ್ತು.

ಈಗ ಸೈಕಲ್ಲಿನ ವಿಷಯ. ಎಂಟನೆಯ ತರಗತಿಯಲ್ಲಿ ಶಾಲೆಯಿಂದ ಎಲ್ಲರಿಗೂ ಸೈಕಲ್ ಕೊಟ್ಟರು. ಸಿಂಧುವಿನ ಸೈಕಲ್ಲನ್ನು ಭಾವ ತಳ್ಳಿಕೊಂಡು ಮನೆಗೆ ತಂದರು, ನಡುಮನೆಯಲ್ಲಿ ಸ್ಟ್ಯಾಂಡ್ ಹಾಕಿ ನಿಲ್ಲಿಸಿದರು, ಸ್ಟ್ಯಾಂಡನ್ನು ತಂತಿಯಿಂದ ಬಿಗಿದರು! ಭಾನುವಾರ ಭಾನುವಾರ ಎಣ್ಣೆ ಹಾಕಿ ಒರೆಸುವುದು. ಸಿಂಧು ಅದರ ಮೇಲೆ ಕೂತು ತುಳಿಯಬಹುದು, ಹಿಂದಿನ ಚಕ್ರ ಗಾಳಿಯಲ್ಲಿ ತಿರುಗುತ್ತದೆ, ಬೆಲ್ಲು ಹೊಡೆಯಬಹುದು, ಗೋಡೆಯ ಕ್ಯಾಲೆಂಡರ್ ನೋಡುತ್ತಾ ಎಷ್ಟು ದೂರ ಬೇಕಾದರೂ ಹೋಗಬಹುದು. ಎರಡು ವರ್ಷದಲ್ಲಿ ಅವಳು ನಡುಮನೆಯಲ್ಲಿ ಕೂತೇ ನಂಗಲಿಗೆ ನೂರು ಸಲ ಹೋಗಿ ಬಂದಿರಬೇಕು. "ಒಳ್ಳೆ ವ್ಯಾಯಾಮ," ಎನ್ನುವರು ಭಾವ.

ಹತ್ತನೆಯ ತರಗತಿಗೆ ಬಂದಾಗ ಒಂದು ದಿನ ಅವಳೇ ಕೇಳಿದಳು: "ಮಾವ, ಸೈಕಲ್ಲು ಮುಂದಕ್ಕೆ ಹೋದ್ರೆ ಹೆಂಗಿರುತ್ತೆ?"

ಕೇಳಿದಿರಲ್ಲ ಈ ಪ್ರಶ್ನೆಯನ್ನು! ಯಾವ ಸೋದರಮಾವ ತಾನೇ ತಡೆದುಕೊಂಡಾನು? ಭಾವ ಕೋಲಾರಕ್ಕೆ ತರಬೇತಿಗೆಂದು ಹೋಗುತ್ತಿದ್ದ ಭಾನುವಾರಗಳಲ್ಲಿ ನನ್ನ ಮಗನ ಹಳೆಯ ಸೈಕಲ್ಲಿನಲ್ಲಿ ಶಾಲೆಯ ಮೈದಾನಕ್ಕೆ ಕರೆದುಕೊಂಡು ಹೋದೆ. ಮೊದಲ ವಾರ ಅವಳು ನನ್ನ ಕೈಯನ್ನು ಬಿಡಲೇ ಇಲ್ಲ. ಎರಡನೆಯ ವಾರ ಬಿಟ್ಟಳು. ಮೂರನೆಯ ವಾರ ಮೈದಾನವನ್ನು ಮೂರು ಸುತ್ತು ಹಾಕಿದಳು. ಅವಳು ಬಾಯಿಬಿಟ್ಟು ಕೂಗುವುದನ್ನು ನಾನು ಮೊದಲ ಸಲ ಕೇಳಿದ್ದು ಆವತ್ತೇ. ನಾಲ್ಕನೆಯ ಸುತ್ತಿನಲ್ಲಿ ನಾಯಿ ಅಡ್ಡ ಬಂತು, ಬಿದ್ದಳು. ಎಡಗೈ ಊರಿ ಬಿದ್ದಳು. ನಾನು ಓಡಿಹೋಗುವಷ್ಟರಲ್ಲಿ ಎದ್ದು ನಿಂತು, "ಏನಿಲ್ಲ ಮಾವ," ಎಂದಳು. "ಅಪ್ಪಂಗೆ ಹೇಳ್ಬೇಡಿ."

ಕೊಬ್ಬರಿ ಎಣ್ಣೆ ಹಚ್ಚಿಕೋ ಎಂದೆ ನಾನು. ಅಂಥ ದಡ್ಡ! ವ್ಯಾಕರಣ ಗೊತ್ತು, ಮೂಳೆ ಗೊತ್ತಿಲ್ಲ.

ಸೋಮವಾರದಿಂದ ಅವಳು ಸ್ವೆಟರ್ ಹಾಕಿಕೊಂಡು ಬರತೊಡಗಿದಳು. ಚಳಿಗಾಲವಲ್ಲ ಏನಲ್ಲ. ಎಡಗೈ ಸ್ವೆಟರಿನ ಜೇಬಿನೊಳಗೇ. ಕೇಳಿದರೆ, "ಚಳಿ ಮಾವ." ಅಕ್ಕನಿಗೂ ಅದೇ ಉತ್ತರ. ಆ ವಾರ ಭಾವನಿಗಿದ್ದ ಚಿಂತೆಗಳು ಯಾವುವು ಎಂದು ಅಕ್ಕ ಆಮೇಲೆ ಹೇಳಿದಳು: ಮೊಟ್ಟೆ ಸರಿಯಾಗಿ ಬೆಂದಿದೆಯೋ ಇಲ್ಲವೋ, ಹೊಸ ಟೂತ್‌ಪೇಸ್ಟ್ ಒಗ್ಗುತ್ತದೆಯೋ ಇಲ್ಲವೋ, ಶಾಲೆಯ ಹಿಂದಿನ ಹುಣಿಸೆಮರ ವಾಲಿದೆಯೋ ಇಲ್ಲವೋ! ಮೂರು ಹೊತ್ತೂ ಪಕ್ಕದಲ್ಲೇ ಕೂತು ಊಟ ಮಾಡುತ್ತಿದ್ದ ಮಗಳ ಕೈ ಮುರಿದಿದೆ ಎನ್ನುವುದೊಂದು ಮಾತ್ರ ಅವರಿಗೆ ಗೊತ್ತಿರಲಿಲ್ಲ.

ಗುರುವಾರ ನನ್ನ ತರಗತಿಯಲ್ಲಿ ನೋಟ್‌ಬುಕ್ ಹಂಚುವಾಗ ಪಕ್ಕದ ಹುಡುಗಿ ಸರಿದು ಕೂತಳು, ಅವಳ ಮೊಣಕೈ ಸಿಂಧುವಿನ ಸ್ವೆಟರಿಗೆ ತಗುಲಿತು. ಸಿಂಧು ಒಂದು ಸದ್ದೂ ಮಾಡದೆ ಬೆಂಚಿನ ಮೇಲೆ ಒರಗಿಬಿಟ್ಟಳು. ಸ್ವೆಟರಿನ ತೋಳು ಮೇಲೆತ್ತಿ ನೋಡಿದರೆ ಮುಂಗೈ ಬದನೆಕಾಯಿಯಂತೆ ಊದಿ ನೀಲಿಯಾಗಿತ್ತು.

ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಅಕ್ಕನನ್ನು ಕರೆಸಿ, ಎಕ್ಸ್‌ರೇಗೆ ಕಳಿಸಿ, ಹೊರಗೆ ಬಂದು ಭಾವನಿಗೆ ಫೋನು ಮಾಡಿದೆ. ಅವರು ಕಂಬದ ಮೇಲೆ ಇದ್ದರೆ ಏನು ಗತಿ?

"ಭಾವಾ, ಮೇಲಿದ್ದೀರಾ, ಕೆಳಗಿದ್ದೀರಾ?"

"ಮೇಲೆ. ಯಾಕೆ?"

"ಏನಿಲ್ಲ. ಇಳಿದ ಮೇಲೆ ಮಾಡ್ತೀನಿ."

ಹೀಗೆ ಹೇಳಿದರೆ ಯಾರಿಗೆ ತಾನೇ ಗೊತ್ತಾಗುವುದಿಲ್ಲ? ಅರ್ಧ ಗಂಟೆಯೊಳಗೆ ಬೈರಕೂರಿನಿಂದ ಬಂದರು. ಸೊಂಟದಲ್ಲಿ ಸೇಫ್ಟಿ ಬೆಲ್ಟು ಹಾಗೇ ಇತ್ತು, ಅದರ ಕೊಕ್ಕೆ ನೆಲಕ್ಕೆ ಬಡಿಯುತ್ತಾ ಬರುತ್ತಿತ್ತು. ನಾನು ತೆಲುಗಿಗೆ ಸಿದ್ಧನಾಗಿ ನಿಂತೆ. ತೆಲುಗು ಬರಲಿಲ್ಲ. ಕನ್ನಡವೂ ಬರಲಿಲ್ಲ. ಮಗಳ ಮುಂದೆ ಬಂದು ನಿಂತರು.

ಡಾಕ್ಟರು ಹೆಂಗಸು, ವಯಸ್ಸಾದವರು. ಪ್ಲಾಸ್ಟರ್ ಸುತ್ತುತ್ತಾ ಕೇಳಿದರು: "ನಾಲ್ಕು ದಿನ ಹೆಂಗಮ್ಮಾ ಸಹಿಸ್ಕೊಂಡೆ? ಮನೇಲಿ ಯಾಕೆ ಹೇಳ್ಲಿಲ್ಲ?"

ಸಿಂಧು ಅಪ್ಪನ ಕಡೆ ನೋಡಲಿಲ್ಲ. "ಹೇಳಿದ್ರೆ ಅಪ್ಪ ಹೆದ್ರಿಕೋತಾರೆ."

"ಹೆದ್ರಿಕೊಂಡ್ರೆ ಏನಾಯ್ತು?"

"ಅಪ್ಪ ಹೆದ್ರಿಕೊಂಡ್ರೆ ನಂಗೆ ಹೊಟ್ಟೆ ಒಳಗೆ ಏನೋ ಆಗುತ್ತೆ ಮೇಡಂ. ಕೈನೋವು ತಡ್ಕೋಬಹುದು. ಅದನ್ನ ತಡ್ಕೊಳ್ಳೋಕಾಗಲ್ಲ."

ಭಾವ ಹೊರಗೆ ನಡೆದುಬಿಟ್ಟರು. ನಾನು ಹಿಂದೆಯೇ ಹೋದೆ. ಕಲ್ಲುಬೆಂಚಿನ ಮೇಲೆ ಕೂತಿದ್ದರು. ಸೈಕಲ್ ಕಲಿಸಿದ್ದು ನಾನೇ, ಮೈದಾನವನ್ನು ಮೂರು ಸುತ್ತು ಹಾಕಿ ನಾಲ್ಕನೆಯದರಲ್ಲಿ ಬಿದ್ದಳು ಎಂದು ಒಪ್ಪಿಕೊಂಡೆ. ಬೈಸಿಕೊಳ್ಳಲು ತಲೆ ಬಗ್ಗಿಸಿ ನಿಂತೆ. ಭಾವ ಕೇಳಿದರು:

"ಚೆನ್ನಾಗಿ ಓಡಿಸ್ತಾಳಾ ಮೇಷ್ಟ್ರೇ?"

"ಚೆನ್ನಾಗಿ ಓಡಿಸ್ತಾಳೆ ಭಾವ."

"ಮೂರು ಸುತ್ತೂ ಬೀಳದೆ ಹೋದ್ಲಾ?"

"ಮೂರೂ."

ಬೆಲ್ಟಿನ ಕೊಕ್ಕೆಯನ್ನು ತೆರೆದು ಮುಚ್ಚುತ್ತಾ ಹೇಳಿದರು: "ಕಂಬದ ಮೇಲೆ ನಂಗೆ ಭಯ ಇಲ್ಲ ಕಣಯ್ಯಾ. ಅಲ್ಲಿ ಸ್ವಿಚ್ಚಿದೆ. ಆರಿಸಿದ್ರೆ ಆರುತ್ತೆ. ಇವಳು ಹುಟ್ಟಿದ ದಿನ ನರ್ಸಮ್ಮ ತಂದು ಕೈಗೆ ಕೊಟ್ರು ನೋಡು, ಇಷ್ಟೇ ಇಷ್ಟು ಇದ್ಲು. ಇವಳಿಗೆ ಏನೇನು ಆಗಬಹುದೋ ಅದಕ್ಕೆಲ್ಲ ಸ್ವಿಚ್ಚು ಎಲ್ಲಿದೆ ಅಂತ ಅವತ್ತಿಂದ ಹುಡುಕ್ತಾನೇ ಇದ್ದೀನಿ."

ನಾನು ಹೋಗಿ ಅವರ ಪಕ್ಕದಲ್ಲೇ ಬೆಂಚಿನ ಮೇಲೆ ಕೂತೆ.

ಆ ಡಾಕ್ಟರಮ್ಮನೇ ಕೋಲಾರದಲ್ಲಿ ಮನಸ್ಸಿನ ಡಾಕ್ಟರೊಬ್ಬರಿಗೆ ಚೀಟಿ ಬರೆದುಕೊಟ್ಟರು. ಹುಡುಗಿಯ ಉಗುರು, ಹೊಟ್ಟೆನೋವು ಎಲ್ಲ ಕೇಳಿ ತಿಳಿದುಕೊಂಡಿದ್ದರು. ನಾವು ನಾಲ್ವರೂ ಹೋದೆವು. ಅಲ್ಲಿಯ ಡಾಕ್ಟರು ಹುಡುಗ, ಮೆಲ್ಲಗೆ ಮಾತಾಡುವವರು. ಸಿಂಧುವಿನ ಜೊತೆ ಇಪ್ಪತ್ತು ನಿಮಿಷ ಮಾತಾಡಿದರು. ಆಮೇಲೆ ಭಾವನನ್ನು ಒಳಗೆ ಕರೆದರು. ಒಂದು ಗಂಟೆಯಾದರೂ ಹೊರಗೆ ಬಿಡಲಿಲ್ಲ! ನಡುವೆ ಬಾಗಿಲು ಸ್ವಲ್ಪ ತೆರೆದಾಗ ಭಾವನ ದನಿ ಕೇಳಿಸಿತು: "ಅಲ್ಲ ಡಾಕ್ಟ್ರೇ, ಪೇಷಂಟ್ ಯಾರು?" ಡಾಕ್ಟರ ದನಿ: "ಅದನ್ನೇ ನೋಡ್ತಾ ಇದ್ದೀವಿ ಸಾರ್."

ಹೊರಗೆ ಬಂದ ಭಾವ ನನ್ನನ್ನು ಬಸ್ ಸ್ಟ್ಯಾಂಡಿನ ಒಂದು ಮೂಲೆಗೆ ಕರೆದುಕೊಂಡು ಹೋದರು. ಆಮೇಲೆ ನನ್ನ ಕಿವಿಯಲ್ಲಿ ಹೇಳಿದರು. ಅಪ್ಪ ಹೆದರಿದರೆ ಮಕ್ಕಳು ಎರಡು ಪಾಲು ಹೆದರುತ್ತಾರಂತೆ, ತಮ್ಮ ಪಾಲು ಒಂದು, ಅಪ್ಪನ ಪಾಲು ಇನ್ನೊಂದು. ಆಮೇಲೆ ಅಪ್ಪನನ್ನು ಕಾಯುವುದಕ್ಕೆ ಶುರು ಮಾಡುತ್ತಾರಂತೆ. ಭಯಪಡಬೇಡಿ ಎಂದು ಡಾಕ್ಟರು ಹೇಳಲಿಲ್ಲವಂತೆ. ಪಡಿ, ಆದರೆ ಅವಳ ಮಾತು ಮುಗಿಯುವವರೆಗೂ ತಡೆದುಕೊಳ್ಳಿ ಎಂದರಂತೆ. ಮಗಳು ಏನೇ ಹೇಳಿದರೂ ಮೊದಲು ಒಂದೇ ಮಾತು ಹೇಳಬೇಕು: "ಆಮೇಲೆ?" ಮನೆಯಲ್ಲಿ ಅಭ್ಯಾಸ ಮಾಡಿಕೊಂಡು ಬನ್ನಿ ಎಂದು ಹೋಂವರ್ಕ್ ಕೊಟ್ಟಿದ್ದರು.

ಭಾವ ಯಾವ ಕೆಲಸವನ್ನೂ ಅರ್ಧಂಬರ್ಧ ಮಾಡುವವರಲ್ಲ. ಅಭ್ಯಾಸವನ್ನು ಹೋಬಳಿಯ ಮೇಲೆಯೇ ಶುರು ಮಾಡಿದರು. ಮರುದಿನ ನಾನು ಪಕ್ಕದಲ್ಲಿದ್ದಾಗಲೇ ಒಬ್ಬ ರೈತನ ಫೋನು ಬಂತು.

"ಅಣ್ಣಾ, ಟ್ರಾನ್ಸ್‌ಫಾರ್ಮರ್ ಸುಟ್ಟೋಯ್ತು!"

ಭಾವ ಕಣ್ಣು ಮುಚ್ಚಿ, ಉಸಿರೆಳೆದು, ಮೃದುವಾಗಿ ಹೇಳಿದರು: "ಆಮೇಲೆ?"

"ಆಮೇಲೇನಣ್ಣಾ? ಟೊಮೇಟೋಗೆ ನೀರಿಲ್ಲ!"

"ಆಮೇಲೆ?"

"ಆಮೇಲೆ ನೀನು ಬರ್ಬೇಕು! ಇನ್ನೇನ್ ಆಮೇಲೆ!"

ಮನೆಯಲ್ಲೂ ಇದೇ. "ರೀ, ಉಪ್ಪು ಮುಗಿದೈತೆ." "ಆಮೇಲೆ?" "ಆಮೇಲೆ ಸಪ್ಪೆ ಸಾರು ತಿನ್ನಿ!" ಒಂದು ವಾರ ಅಕ್ಕನಿಗೆ ತಲೆ ಕೆಟ್ಟುಹೋಯಿತು. ಆದರೆ ನಡುಮನೆಯ ಸೈಕಲ್ಲಿನ ತಂತಿ ಬಿಚ್ಚಿತು. ವ್ಯಾನ್ ಡ್ರೈವರಿಗೆ ಫೋನು ಹೋಗುವುದು ನಿಂತಿತು. ಪಾಪ, ಅವನು ಮೂರನೆಯ ದಿನ ಗಾಬರಿಯಾಗಿ ತಾನೇ ಫೋನು ಮಾಡಿದ: "ಅಣ್ಣಾ, ಆರಾಮಿದ್ದೀಯಾ?"

ಸಿಂಧು ತಕ್ಷಣಕ್ಕೆ ಬದಲಾಗಲಿಲ್ಲ. ತಿಂಗಳಿಗೊಮ್ಮೆ ಕೋಲಾರಕ್ಕೆ ಹೋಗಿ ಬರುತ್ತಿದ್ದಳು. ಮನೆಯಲ್ಲಿ ಮೊದಮೊದಲು ಸಣ್ಣ ಸಣ್ಣ ಸುದ್ದಿಗಳನ್ನು ಅಪ್ಪನ ಮುಂದೆ ಎಸೆದು ನೋಡುವಳು: ಪೆನ್ನು ಕಳೆದುಹೋಯಿತು, ನೀರಿನ ಬಾಟಲು ಒಡೆಯಿತು. ಭಾವ ಕುರ್ಚಿಯ ಕೈಯನ್ನು ಬಿಗಿಯಾಗಿ ಹಿಡಿದುಕೊಂಡು, ಹಣೆಯಲ್ಲಿ ಬೆವರು ಇಳಿಯುತ್ತಿದ್ದರೂ, "ಆಮೇಲೆ?" ಎನ್ನುವರು. ಅವರು ಹನ್ನೊಂದು ಸಾವಿರ ವೋಲ್ಟಿನ ಮುಂದೆ ಅಷ್ಟು ಬೆವರಿದ್ದನ್ನು ಯಾರೂ ಕಂಡಿಲ್ಲ. ಇಷ್ಟಾದರೂ ದೊಡ್ಡ ವಿಷಯಗಳೆಲ್ಲ ಇನ್ನೂ ನನ್ನ ಹತ್ತಿರವೇ ಬರುತ್ತಿದ್ದವು. ಭಾವನಿಗೆ ಅದು ಗೊತ್ತಿತ್ತು. ಒಮ್ಮೆಯೂ ಕೇಳಲಿಲ್ಲ.

ಪರೀಕ್ಷೆ ಬಂತು. ಎಸ್.ಎಸ್.ಎಲ್.ಸಿ. ಮೊದಲ ದಿನ. ಅವಳ ಸೆಂಟರ್ ಬೇರೆ ಶಾಲೆಯಲ್ಲಿತ್ತು. ನಾನೂ ಭಾವನೂ ಬಿಡಲು ಹೋಗಿದ್ದೆವು. ಗೇಟಿನ ಮುಂದೆ ಜಾತ್ರೆಯಷ್ಟು ಜನ. ಸಿಂಧು ಪ್ರವೇಶ ಪತ್ರ ಹಿಡಿದುಕೊಂಡು ಗೇಟಿನವರೆಗೂ ಹೋದವಳು ನಿಂತಳು, ತಿರುಗಿ ನಮ್ಮ ಕಡೆಗೆ ಬಂದಳು. ನಾನು ಅಭ್ಯಾಸಬಲದಿಂದ ಒಂದು ಹೆಜ್ಜೆ ಮುಂದೆ ಹೋಗಿ ಕಿವಿ ಕೊಟ್ಟೆ. ಅವಳು ನನ್ನನ್ನು ದಾಟಿ ಹೋಗಿ ಭಾವನ ಮುಂದೆ ನಿಂತಳು.

"ಅಪ್ಪಾ, ಭಯ ಆಗ್ತೈತೆ."

ಭಾವ ಅವಳ ತಲೆ ಸವರಿ ಹೇಳಿದರು:

"ನಂಗೂ ಆಗ್ತೈತೆ ಪಾಪಾ. ಇಬ್ರಿಗೂ ಇದೆಯಲ್ಲ, ಇರ್ಲಿ ಬಿಡು. ನೀನು ಹೋಗಿ ಬರೆದು ಬಾ, ನಾನು ಇಲ್ಲೇ ಹೊರಗೆ ಇರ್ತೀನಿ."

ಸಿಂಧು ಅಪ್ಪನ ಮುಖವನ್ನೇ ಒಂದು ಕ್ಷಣ ನೋಡಿದಳು, ನಕ್ಕಳು, ಒಳಗೆ ಹೋದಳು.

ಬೆಲ್ಲು ಹೊಡೆಯಿತು, ಗೇಟು ಮುಚ್ಚಿತು, ಜನ ಚದುರಿದರು. ಭಾವ ಇನ್ನೂ ಅಲ್ಲೇ ನಿಂತಿದ್ದರು. ಟೀ ಕುಡಿಯೋಣ ಬನ್ನಿ ಎಂದು ಭುಜ ಮುಟ್ಟಿದೆ. ತಿರುಗಿದರು. ಹೆಜ್ಜೇನು ಕಚ್ಚಿ ಮುಖ ಊದಿದ ದಿನವೂ ಅಳದ ಮನುಷ್ಯನ ಕಣ್ಣಿನಿಂದ ನೀರು ಇಳಿಯುತ್ತಿತ್ತು, ಬಾಯಿ ನಗುತ್ತಿತ್ತು.

"ಕೇಳಿಸ್ಕೊಂಡ್ಯೇನೋ ಮೇಷ್ಟ್ರೇ?" ಎಂದರು. "ನಂಗೆ ಹೇಳಿದ್ಲು ಕಣೋ. ನಂಗೆ."